ಹಳಿಯಾಚೆಯ ಮುಳ್ಳು

ಆ ಬೀದಿಯಲ್ಲಿ ಯಾರ ಹೊಟ್ಟೆಯಲ್ಲಿ ಏನಿದೆ ಎಂಬುದು ಡಾಕ್ಟರಿಗೂ ಗೊತ್ತಿರಲಿಲ್ಲ. ಯಾರ ಜೇಬಿನಲ್ಲಿ ಏನಿದೆ ಎಂಬುದು ಮಾತ್ರ ಇಸ್ತ್ರಿಯಜ್ಜಿಗೆ ಗೊತ್ತಿತ್ತು. ನಲವತ್ತು ವರ್ಷದಿಂದ ಬೀದಿಯವರ ಬಟ್ಟೆಯೆಲ್ಲ ಅವಳ ಕೈಯಲ್ಲಿ ಒಗೆಸಿಕೊಂಡು, ಅವಳ ಮೇಜಿನ ಮೇಲೆ ಮಡಿಕೆ ಬಿದ್ದು ಮನೆ ಸೇರುತ್ತಿತ್ತು. ನೀರಿಗೆ ಹಾಕುವ ಮೊದಲು ಜೇಬು ತಿರುವಿ ನೋಡಬೇಕು, ಅಂಚು ಸವರಿ ನೋಡಬೇಕು. ಅವಳ ಅತ್ತೆ ಕಲಿಸಿದ ಮೊದಲ ಪಾಠ ಅದು. ಎರಡನೆಯ ಪಾಠ ಇನ್ನೂ ಗಟ್ಟಿಯಾದದ್ದು: "ಜೇಬಲ್ಲಿ ಸಿಕ್ಕಿದ್ದು ಕೈಗೆ ಬರಲಿ, ಬಾಯಿಗೆ ಬರಬಾರದು." ಹೀಗಾಗಿ ಸಿಕ್ಕ ಗುಂಡಿ, ಚೀಟಿ, ಬಾಚಣಿಗೆ, ಒಂದು ಸಲವಂತೂ ಯಾರದೋ ಹಲ್ಲಿನ ಸೆಟ್ಟು, ಎಲ್ಲ ಕವರಿನಲ್ಲಿ ಕಟ್ಟಿಸಿಕೊಂಡು ಬಟ್ಟೆಯ ಜೊತೆಗೇ ವಾಪಸು ಹೋಗುತ್ತಿತ್ತು. ಮಾತು ಮಾತ್ರ ಹೋಗುತ್ತಿರಲಿಲ್ಲ.

ಅಂಥ ಅಜ್ಜಿ ಈಗ ಎರಡು ವಾರದಿಂದ ತನ್ನ ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಅವಳ ಸೊಸೆ ಹೋಟೆಲು ನಡೆಸುತ್ತಿದ್ದಳು. ಎಂಟು ಮೇಜು. ಒಲೆಯ ಮುಂದೆ ಅಜ್ಜಿಯ ಮಗ, ಗಲ್ಲಾದ ಮುಂದೆ ಸೊಸೆ. ಮಗ ಬಾಯಿ ಸತ್ತವನು; ಸೊಸೆಯ ಬಾಯಿ ಇಬ್ಬರಿಗೂ ಆಗಿ ಮಿಗುತ್ತಿತ್ತು. ಮಧ್ಯಾಹ್ನ ಕೂರಲು ಜಾಗ ಸಿಗದ ಹೋಟೆಲಿನಲ್ಲಿ ಸಂಜೆಯಾದರೆ ನೊಣ ಓಡಿಸುವುದೇ ಕೆಲಸ. ಊಟದ ಜೊತೆ ಬಿಯರೂ ಸಿಗುತ್ತದೆಂದು ಸಂಜೆಯ ಗಿರಾಕಿಗಳೆಲ್ಲ ದೊಡ್ಡ ರಸ್ತೆಯ ಕಡೆ ನಡೆದುಬಿಟ್ಟಿದ್ದರು. ಸೊಸೆ ತನಗೂ ಅಂಥದೇ ಪರವಾನಗಿ ಬೇಕೆಂದು ಅರ್ಜಿ ಹಾಕಿದಳು. ಸಿಕ್ಕರೆ ಹೋಟೆಲು ಉಳಿಯುತ್ತದೆ. ಸಿಗದಿದ್ದರೆ ವರ್ಷದ ಕೊನೆಗೆ ಬಾಗಿಲು ಹಾಕಿ ಗಂಡ ಹೆಂಡತಿ ಇಬ್ಬರೂ ಇನ್ನೊಬ್ಬರ ಅಡುಗೆಮನೆಯಲ್ಲಿ ಪಾತ್ರೆ ಉಜ್ಜಬೇಕು. ಮಗ ಹೇಳಿದ್ದು ಒಂದೇ ಮಾತು: "ಅಪ್ಪ ಹೋಗಿದ್ದೇ ಕುಡಿತದಿಂದ. ಅಮ್ಮ ಹೂಂ ಅಂದ್ರೆ ನಾನೂ ಹೂಂ."

ಅಮ್ಮ ಹೂಂ ಅನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ.

ಬೀದಿಯವರ ಅಭಿಪ್ರಾಯ ಕೇಳಿಯೇ ಪರವಾನಗಿ ಕೊಡಬೇಕೆಂಬ ನಿಯಮವಿತ್ತು. ಅದಕ್ಕಾಗಿ ಮೂರು ಭಾನುವಾರ ಬೆಳಿಗ್ಗೆ ಚಿಕ್ಕ ಮಕ್ಕಳ ಶಾಲೆಯ ಕೋಣೆಯಲ್ಲಿ ಸಭೆ. ಬೆಂಚುಗಳು ಆರು ವರ್ಷದವರ ಅಳತೆಯವು. ದೊಡ್ಡವರೆಲ್ಲ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂರಬೇಕಾಗಿತ್ತು. ಹಾಗೆ ಕೂತವರಿಗೆ ಬೇಗ ಸಿಟ್ಟು ಬರುವುದು ಸಹಜ. ಪರವಾನಗಿ ಕಚೇರಿಯಿಂದ ಬಂದ ಅಧಿಕಾರಿ ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು. ಟೀಚರ ಕುರ್ಚಿ ಅವಳೊಬ್ಬಳಿಗೆ ಸಿಕ್ಕಿತ್ತು.

ಮೊದಲ ಭಾನುವಾರ ಬರೀ ಕೂಗಾಟದಲ್ಲೇ ಮುಗಿಯಿತು. ಎರಡನೆಯ ಭಾನುವಾರ ಔಷಧದಂಗಡಿಯವರು ಎದ್ದು ನಿಂತರು. ಬೀದಿಯ ಸಮಿತಿಗೆ ಅವರೇ ಹಿರಿಯರು. ಅವರ ಅಂಗಿಯ ಕಾಲರು ಯಾವಾಗಲೂ ಕತ್ತಿಯ ಹಾಗೆ ನಿಲ್ಲುತ್ತಿತ್ತು. ನಿಲ್ಲಿಸುತ್ತಿದ್ದವಳು ಅಜ್ಜಿಯೇ.

"ಮೇಡಂ, ಇದು ಮರ್ಯಾದಸ್ತರ ಬೀದಿ. ನಮ್ಮಲ್ಲಿ ಕುಡಿಯೋ ಅಭ್ಯಾಸನೇ ಇಲ್ಲ. ಇಲ್ಲದ ರೋಗಕ್ಕೆ ಅಂಗಡಿ ಯಾಕೆ?"

"ರೋಗ ಇಲ್ಲದ ಬೀದೀಲಿ ನಿಮ್ಮ ಔಷಧದಂಗಡಿ ಹೆಂಗೆ ನಡೀತಿದೆ, ಅಣ್ಣಾ?" ಹಿಂದಿನ ಬೆಂಚಿನಿಂದ ಕ್ಷೌರದವನು ಕೇಳಿದ. ಅವನಿಗೆ ಬೀದಿಯವರು ಇಟ್ಟ ಹೆಸರು ಮೈಕು. ಜನ ನಕ್ಕರು. ಔಷಧದಂಗಡಿಯವರ ಹೆಂಡತಿಯೂ ಸೆರಗು ಅಡ್ಡ ಹಿಡಿದುಕೊಂಡಳು.

ಆದರೆ ನರ್ಸಮ್ಮ ನಗಲಿಲ್ಲ. ಹೋಟೆಲಿನ ಮೇಲಿನ ಮಹಡಿಯಲ್ಲಿ ಮಗಳೊಬ್ಬಳನ್ನು ಕಟ್ಟಿಕೊಂಡು ಇರುವವಳು ಅವಳು. "ನಿಮಗೆಲ್ಲ ತಮಾಷೆ. ನನ್ನ ಮಗಳು ಓದೋ ಕಿಟಕಿ ಸರಿಯಾಗಿ ಆ ಬಾಗಿಲ ಮೇಲೆ ಇದೆ. ನಾನು ರಾತ್ರಿ ಪಾಳಿಗೆ ಹೋದ್ರೆ ಮನೇಲಿ ಅವಳೊಬ್ಬಳೇ. ಕುಡಿದೋರು ಮೆಟ್ಟಿಲ ಕೆಳಗೆ ನಿಂತ್ರೆ ಯಾರನ್ನ ಕರೀಬೇಕು ಅವಳು?"

ಸೊಸೆ ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಸೊಸೆ ಉತ್ತರವಿಲ್ಲದೆ ಕೂತದ್ದನ್ನು ಅಜ್ಜಿ ಅವತ್ತೇ ಮೊದಲು ನೋಡಿದ್ದು.

"ಇಷ್ಟಕ್ಕೂ," ಔಷಧದಂಗಡಿಯವರು ಅಜ್ಜಿಯ ಕಡೆ ಕೈ ತೋರಿಸಿದರು, "ಮೂವತ್ತು ವರ್ಷದ ಹಿಂದೆ ಈ ಬೀದಿ ಮೂಲೇಲಿದ್ದ ಹೆಂಡದಂಗಡಿ ಮುಚ್ಚಿಸಿದ್ದು ಯಾರು? ಇದೇ ಅಜ್ಜಿ! ಹೆಂಗಸರನ್ನ ಕಟ್ಕೊಂಡು ಮೂರು ದಿನ ಬಾಗಿಲಲ್ಲಿ ಕೂತಿದ್ರು. ಸೊಸೆ ಅಂತ ನ್ಯಾಯ ಬದಲಾಗುತ್ತಾ? ಅವರೇ ಹೇಳ್ಲಿ."

ಎಲ್ಲರ ತಲೆ ತಿರುಗಿತು. ಒಲೆಯ ಹೊಗೆಗೆ ಕಣ್ಣು ಕೆಂಪಾದ ಮಗನ ತಲೆಯೂ ತಿರುಗಿತು.

"ಯೋಚನೆ ಮಾಡ್ತಿದ್ದೀನಿ ಕಣಪ್ಪ," ಎಂದಳು ಅಜ್ಜಿ. "ಬರೋ ವಾರ ಹೇಳ್ತೀನಿ."

"ಮೂವತ್ತು ವರ್ಷ ಯೋಚನೆ ಮಾಡಿದ್ದು ಸಾಲ್ದೇನಜ್ಜಿ?" ಎಂದ ಮೈಕು. ಅವನು ಹುಡುಗಾಟಕ್ಕೆ ಅಂದದ್ದು. ಆದರೆ ಅದು ಹೋಗಿ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

ಆ ಬೀದಿಯ ಬೆನ್ನಿಗೆ ರೈಲು ಹಳಿ. ಹಳಿಯ ಆಚೆ ಸೂರು ಹಾರಿಹೋದ ಒಂದು ಹಳೆಯ ಗೋದಾಮು, ಅದರ ಸುತ್ತ ಸೊಂಟದೆತ್ತರದ ಹುಲ್ಲು. ಆ ಹುಲ್ಲಿನ ಬೀಜಕ್ಕೆ ಕೊಕ್ಕೆಯಂಥ ಮುಳ್ಳು. ನಡೆದು ಹೋದವರ ಕಾಲಂಚಿಗೆ ಅಂಟಿಕೊಂಡರೆ ಕೊಡವಿದರೂ ಬೀಳದು. ಕೈಯಿಂದ ಒಂದೊಂದಾಗಿ ಕೀಳಬೇಕು. ಕೀಳದೆ ಇಸ್ತ್ರಿ ಇಟ್ಟರೆ ಬಟ್ಟೆ ಹರಿಯುತ್ತದೆ. ಹಳಿಯ ಈಚೆಗೆ ಆ ಹುಲ್ಲು ಒಂದು ಕಡ್ಡಿಯೂ ಬೆಳೆಯುತ್ತಿರಲಿಲ್ಲ.

ಮೂವತ್ತು ವರ್ಷದಿಂದ ಅಜ್ಜಿ ಆ ಮುಳ್ಳು ಕೀಳುತ್ತಲೇ ಇದ್ದಳು. ಕಿತ್ತು ಒಲೆಗೆ ಹಾಕುತ್ತಿದ್ದಳು. ಯಾರ ಪ್ಯಾಂಟು, ಯಾವ ವಾರ, ಎಲ್ಲ ಅವಳ ಬೆರಳಿಗೆ ಗೊತ್ತು. ಬೆರಳು ಬಾಯಿಗೆ ಹೇಳಿರಲಿಲ್ಲ.

ಎರಡನೆಯ ಸಭೆಯ ಮರುದಿನ ಮುಳ್ಳು ಕಿತ್ತವಳು ಒಲೆಗೆ ಹಾಕಲಿಲ್ಲ. ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿದಳು.

ಸೊಸೆ ಚಹಾ ತಂದಿಟ್ಟು ಮೇಜಿನ ಪಕ್ಕ ನಿಂತಳು. "ಅತ್ತೆ, ಬೈಯೋದಾದ್ರೆ ಬೈದುಬಿಡಿ. ನೀವು ಹಿಂಗೆ ಸುಮ್ಮನಿದ್ರೆ ಅನ್ನ ಇಳಿಯಲ್ಲ ನಂಗೆ. ಬೇಡ ಅಂದ್ರೆ ನಾಳೆನೇ ಅರ್ಜಿ ಹರಿದು ಹಾಕ್ತೀನಿ."

"ಹರಿಯೋದೇನು ದೊಡ್ಡದು. ಹೊಲಿಯೋದು ಕಷ್ಟ." ಅಜ್ಜಿ ಕೈಯಲ್ಲಿದ್ದ ಪ್ಯಾಂಟಿನ ಅಂಚು ತಿರುವಿದಳು. "ಹೋಟ್ಲಿಗೆ ಹಿಂದುಗಡೆ ಬಾಗಿಲು ಒಂದಿದೆಯಲ್ಲ, ಅದರ ಬೀಗದ ಕೈ ಎಲ್ಲಿ?"

"ಯಾಕತ್ತೆ?"

"ಕೇಳಿದ್ದಕ್ಕೆ ಹೇಳು."

ಸೊಸೆ ಸೊಂಟದ ಗೊಂಚಲಿನಿಂದ ಬಿಚ್ಚಿ ಕೊಟ್ಟಳು. ಅಜ್ಜಿ ಅದನ್ನೂ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಚಹಾ ಆರುವ ಮೊದಲೇ ಕುಡಿದಳು. ಎರಡು ವಾರದಲ್ಲಿ ಮೊದಲ ಸಲ ಅವಳು ಬಿಸಿ ಚಹಾ ಕುಡಿದದ್ದನ್ನು ಸೊಸೆ ಗಮನಿಸಿದಳು, ಆದರೆ ಅರ್ಥವಾಗಲಿಲ್ಲ.

ಮೂರನೆಯ ಭಾನುವಾರ ಕೋಣೆ ತುಂಬಿ ಕಿಟಕಿಯಲ್ಲೂ ಜನ. ಔಷಧದಂಗಡಿಯವರು ಮಾತು ಮುಗಿಸುವ ತನಕ ಅಜ್ಜಿ ಕಾದಳು. ಆಮೇಲೆ ಬೆಂಚಿನಿಂದ ಏಳಲು ಮೈಕಿನ ಹೆಗಲು ಹಿಡಿದು, ಮುಂದೆ ಹೋಗಿ ಅಧಿಕಾರಿಯ ಮೇಜಿನ ಮೇಲೆ ಪೇಪರು ಹಾಸಿ, ಡಬ್ಬಿ ಬೋರಲು ಹಾಕಿದಳು. ಕಂದು ಬಣ್ಣದ ಮುಳ್ಳು ಒಂದು ಬೊಗಸೆಯಾಗುವಷ್ಟು ಬಿತ್ತು. ಅದರ ಜೊತೆ ಬೀಗದ ಕೈಯೂ ಬಿತ್ತು.

"ಇದೇನಜ್ಜಿ?" ಎಂದಳು ಅಧಿಕಾರಿ.

"ಹಳಿಯಾಚೆ ಹುಲ್ಲಿನ ಮುಳ್ಳು ಮಗಳೇ. ಒಂದೇ ವಾರದ್ದು. ಈ ಬೀದಿ ಬಟ್ಟೆಯಿಂದ ಕಿತ್ತಿದ್ದು."

ಒಬ್ಬ ಮೆಲ್ಲಗೆ ತನ್ನ ಕಾಲಿನ ಕಡೆ ನೋಡಿಕೊಂಡ. ಇನ್ನೊಬ್ಬ ಬೆಂಚಿನ ಕೆಳಗೆ ಕೈ ಬಿಟ್ಟ. ಒಂದೊಂದೇ ಬೆಂಚಿನಲ್ಲಿ ಗಂಡಸರ ತಲೆಗಳು ಗಾಳಿಗೆ ಬಾಗಿದ ತೆನೆಯ ಹಾಗೆ ಬಾಗಿದವು. ಔಷಧದಂಗಡಿಯವರೂ ಬಗ್ಗಿ ನೋಡಿಕೊಂಡರು. ನೋಡಿಕೊಂಡದ್ದನ್ನು ಅವರ ಹೆಂಡತಿ ನೋಡಿದಳು.

"ಯಾರೂ ಹೆದರಬೇಡಿ," ಎಂದಳು ಅಜ್ಜಿ. "ಹೆಸರು ನನ್ನ ಬಾಯಲ್ಲಿ ಬರಲ್ಲ. ಬಂದ್ರೆ ನಮ್ಮತ್ತೆ ಮೇಲಿಂದ ಇಳಿದು ಬಂದು ಹೊಡೀತಾಳೆ. ನಮ್ಮ ಬೀದೀಲಿ ಕುಡಿಯೋರೇ ಇಲ್ಲ ಅಂದ್ರಲ್ಲ, ಅದಕ್ಕೆ ತಂದೆ. ಇದ್ದಾರೆ. ಹಳಿ ದಾಟಿ ಹೋಗಿ ಆ ಹಾಳು ಗೋದಾಮಲ್ಲಿ ಕದ್ದು ಕುಡೀತಾರೆ, ತೂರಾಡ್ಕೊಂಡು ಹಳಿ ದಾಟಿ ಬರ್ತಾರೆ."

ಅವಳು ರಾಶಿಯಿಂದ ಒಂದು ಮುಳ್ಳನ್ನು ಬೆರಳಲ್ಲಿ ಎತ್ತಿಕೊಂಡಳು.

"ಮೂಲೆ ಅಂಗಡಿ ಮುಚ್ಚಿಸಿದ್ದು ನಾನೇ. ಅಲ್ಲಿ ಹೊಡೆದಾಟ ಇತ್ತು, ಹೆಂಗಸರು ಓಡಾಡೋ ಹಂಗಿರಲಿಲ್ಲ. ಮುಚ್ಚಿಸಿದ್ದು ತಪ್ಪಲ್ಲ. ಆದ್ರೆ ಮುಚ್ಚಿಸಿದ ಮೇಲೆ ಈ ಗಂಡಸರು ಎಲ್ಲಿಗೆ ಹೋಗ್ತಾರೆ ಅಂತ ನಮ್ಮಲ್ಲಿ ಒಬ್ಬರೂ ಕೇಳ್ಲಿಲ್ಲ. ಗೆದ್ದ ಖುಷಿ ನೋಡಿ. ನಾಕು ತಿಂಗಳು ಕಳೆದಿತ್ತು. ನಮ್ಮೆಜಮಾನರನ್ನ ಗೂಡ್ಸು ಗಾಡಿ ಹೊಡೀತು. ಎಲ್ಲರೂ ಕುಡಿತ ಕೊಂದಿತು ಅಂದ್ರು. ನಾನೂ ಮಗನಿಗೆ ಹಂಗೇ ಹೇಳಿ ಬೆಳೆಸಿದೆ. ಆಸ್ಪತ್ರೆಯವರು ಪ್ಯಾಂಟು ಮಡಿಚಿ ಕೈಗೆ ಕೊಟ್ರು. ಅಂಚಿನ ತುಂಬ ಈ ಮುಳ್ಳು. ಅವತ್ತು ಅಂಗಡಿ ಇದ್ದಿದ್ರೆ ಬೀದೀಲಿ ಬಿದ್ದಿರೋರು, ನಾನು ಬೈದು ಎತ್ಕೊಂಡು ಬರ್ತಿದ್ದೆ. ಈ ಮಾತು ಇವತ್ತಿನ ತನಕ ಯಾರಿಗೂ ಹೇಳಿಲ್ಲ."

ಗೋಡೆಗೆ ಒರಗಿ ನಿಂತಿದ್ದ ಮಗ ಕಣ್ಣು ಮಿಟುಕಿಸದೆ ತಾಯಿಯನ್ನೇ ನೋಡುತ್ತಿದ್ದ.

ನರ್ಸಮ್ಮ ಎದ್ದಳು. ಅವಳ ದನಿ ಮೆತ್ತಗಾಗಿತ್ತು, ಆದರೆ ಪ್ರಶ್ನೆ ಅದೇ. "ಅಜ್ಜಿ, ನಿಮ್ಮ ನೋವು ನಂಗೆ ಅರ್ಥ ಆಗುತ್ತೆ. ಆದ್ರೆ ನನ್ನ ಮಗಳ ಕಿಟಕಿ?"

"ಅದಕ್ಕೇ ಬೀಗದ ಕೈ ತಂದಿದ್ದು ಕಣೇ. ಹಿಂದಿನ ಬಾಗಿಲು ಇಟ್ಟಿಗೆ ಹಾಕಿ ಮುಚ್ಚಬೇಕು. ಕಳ್ಳನ ಹಂಗೆ ಬಂದು ಹೋಗೋ ದಾರಿ ಬೇಡ. ಮುಂದಿನ ಬಾಗಿಲಿಗೆ ಗಾಜು ಹಾಕ್ಲಿ, ಒಳಗೆ ಕೂತೋನು ಬೀದಿಗೆ ಕಾಣ್ಲಿ. ಊಟ ಮಾಡದೋನಿಗೆ ಲೋಟ ಇಲ್ಲ. ಒಂಬತ್ತಕ್ಕೆ ದೀಪ ಆರಬೇಕು. ನನ್ನ ಇಸ್ತ್ರಿ ಮೇಜನ್ನ ಹೋಟ್ಲ ಬಾಗಿಲ ಪಕ್ಕಕ್ಕೆ, ನಿನ್ನ ಮೆಟ್ಟಿಲ ಕೆಳಗೇ ಹಾಕ್ಕೋತೀನಿ. ಮುಚ್ಚೋ ತನಕ ಅಲ್ಲೇ ಇರ್ತೀನಿ. ಕೆಂಡದ ಪೆಟ್ಟಿಗೆ ಕೈಲಿರೋ ಮುದುಕಿ ಮುಂದೆ ಯಾವ ಮಗ ಬಾಲ ಬಿಚ್ತಾನೆ ನೋಡೇಬಿಡೋಣ."

ಕೋಣೆ ಬಿದ್ದು ನಕ್ಕಿತು. ನರ್ಸಮ್ಮನೂ ಅರ್ಧ ನಕ್ಕಳು. "ಆರು ತಿಂಗಳಿಗೆ ಮಾತ್ರ," ಎಂದಳು ಅಧಿಕಾರಿಗೆ. "ಸರಿಹೋಗದಿದ್ರೆ ಮೊದಲ ದೂರು ನಂದೇ. ಬರ್ಕೊಳ್ಳಿ." ಅಧಿಕಾರಿ ಬರೆದುಕೊಂಡಳು.

ಔಷಧದಂಗಡಿಯವರು ಗಂಟಲು ಸರಿಮಾಡಿಕೊಂಡರು. "ಅದೆಲ್ಲ ಸರಿ, ಆದ್ರೆ ತತ್ವದ ಪ್ರಶ್ನೆ..."

"ರೀ, ಕೂತ್ಕೊಳ್ಳಿ," ಎಂದಳು ಅವರ ಹೆಂಡತಿ. "ಸಂಜೆ ಸಂಜೆ ವಾಕಿಂಗು ವಾಕಿಂಗು ಅಂತ ಎಲ್ಲಿಗೆ ಹೋಗ್ತಿದ್ರಿ ಅಂತ ಈಗ ಗೊತ್ತಾಯ್ತು. ಇನ್ಮೇಲೆ ಎದುರಿಗೇ ಕೂತು ಕುಡೀರಿ, ನಾನು ಅಂಗಡಿಯಿಂದ ನೋಡ್ಕೋತೀನಿ." ಒಪ್ಪುವವರು ಕೈಯೆತ್ತಿ ಎಂದು ಅಧಿಕಾರಿ ಕೇಳಿದಾಗ ಎಲ್ಲರಿಗಿಂತ ಮೊದಲು ಎದ್ದದ್ದು ಅವಳ ಕೈ.

ಆಮೇಲೆ ಮೈಕಿನದು, ಕಿಟಕಿಯಲ್ಲಿದ್ದವರದು, ತಡವಾಗಿ ನರ್ಸಮ್ಮನದು. ಏಳದ ಕೈಗಳೂ ಇದ್ದವು. ಅಜ್ಜಿ ಎಣಿಸಲು ಹೋಗಲಿಲ್ಲ. ಅವಳು ಗೋಡೆಯ ಕಡೆ ನೋಡುತ್ತಿದ್ದಳು. ಮಗ ಒದ್ದೆ ಕೈಯನ್ನು ಒರೆಸಿಕೊಳ್ಳುವವನ ಹಾಗೆ ಅಂಗಿಗೆ ಎರಡು ಸಲ ಉಜ್ಜಿ, ಮೇಲೆತ್ತಿದ.

ಹಾದಿಯಲ್ಲಿ ಅವನು ತಾಯಿಯ ಕೈಯಿಂದ ಖಾಲಿ ಡಬ್ಬಿ ತೆಗೆದುಕೊಂಡ. "ನಂಗೆ ಮೊದಲೇ ಹೇಳಬಾರದಿತ್ತೇನಮ್ಮ?"

"ಹೇಳೋಕೆ ಬಾಯಿ ಬರಲಿಲ್ಲ ಕಣೋ. ನಿನ್ನ ಹಂಗೇ ನಾನೂ."

ಅವನು ನಕ್ಕ. ಡಬ್ಬಿಯನ್ನು ಕಂಕುಳಲ್ಲಿ ಇರಿಸಿಕೊಂಡು ತಾಯಿಯ ಹೆಜ್ಜೆಗೆ ಹೆಜ್ಜೆ ಹಾಕಿದ.

ಸೋಮವಾರ ಬೆಳಿಗ್ಗೆ ಅಜ್ಜಿಗೆ ಬೇರೆಯೇ ಭಯ. ಅಂಚಿನ ಗುಟ್ಟು ಬಾಯಿಗೆ ಬಂತೆಂದು ಜನ ಬಟ್ಟೆ ಹಾಕುವುದನ್ನೇ ನಿಲ್ಲಿಸಿದರೆ? ಬಟ್ಟೆ ಬಂತು. ಆದರೆ ಗಂಟು ಹೊತ್ತು ತಂದವರು ಹೆಂಗಸರಲ್ಲ, ಗಂಡಸರೇ. ಪ್ಯಾಂಟಿನ ಅಂಚನ್ನೆಲ್ಲ ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ ನೂಲು ಎದ್ದಿತ್ತು. ಅಜ್ಜಿ ಎಣಿಸಿ ಇಟ್ಟುಕೊಂಡಳು.

ಪರವಾನಗಿ ಬಂತು. ಹಿಂದಿನ ಬಾಗಿಲು ಗೋಡೆಯಾಯಿತು. ಮೊದಲ ತಿಂಗಳಲ್ಲಿ ಒಬ್ಬ ದನಿ ಎತ್ತಿದ. ಅಜ್ಜಿ ಇಸ್ತ್ರಿ ಪೆಟ್ಟಿಗೆ ಹಿಡಿದೇ ಒಳಗೆ ಹೋಗಿ, "ಅಂಗಿ ಸುಕ್ಕಾಗಿದೆಯಲ್ಲಪ್ಪ, ತೆಗಿ, ಮಾಡ್ಕೊಡ್ತೀನಿ," ಎಂದಳು. ಅವನು ಊಟ ಮುಗಿಸಿ ಮನೆಗೆ ಹೋದ. ನರ್ಸಮ್ಮನ ಮಗಳು ಪರೀಕ್ಷೆಯ ದಿನಗಳಲ್ಲಿ ಪುಸ್ತಕ ಹಿಡಿದು ಕೆಳಗಿಳಿದು ಬಂದು ಮೇಜಿನ ಬಿಸಿಗೆ ಕೂರುತ್ತಿದ್ದಳು.

ಆರು ತಿಂಗಳಾದ ಮೇಲೆ ಮತ್ತೆ ಅದೇ ಶಾಲೆಯ ಕೋಣೆಯಲ್ಲಿ ಸಭೆ. ಅಧಿಕಾರಿ ಬಂದು ನೋಡಿದರೆ ಐದೇ ಜನ.

"ಯಾಕೆ, ಯಾರೂ ಬಂದಿಲ್ಲ?"

"ಜಗಳ ಇಲ್ಲದ ಸಭೆಗೆ ಯಾರು ಬರ್ತಾರೆ ಮೇಡಂ?" ಎಂದ ಮೈಕು. "ನಾನೂ ಅಭ್ಯಾಸಬಲದಿಂದ ಬಂದೆ."

ಪರವಾನಗಿ ಮುಂದುವರಿಸುವ ಕಾಗದವನ್ನು ನರ್ಸಮ್ಮ ಎರಡು ಸಲ ಓದಿದಳು. "ಒಂಬತ್ತು ಅಂದಿದ್ದು ಎರಡು ದಿನ ಒಂಬತ್ತೂಕಾಲು ಆಗಿತ್ತು," ಎಂದಳು. "ಇನ್ನಾಗಲ್ಲ ಅಕ್ಕಾ," ಎಂದಳು ಸೊಸೆ. ನರ್ಸಮ್ಮ ಸಹಿ ಹಾಕಿದಳು.

ಅಜ್ಜಿ ಸಭೆಗೆ ಹೋಗಿರಲಿಲ್ಲ. ಮೆಟ್ಟಿಲ ಕೆಳಗಿನ ಮೇಜಿನಲ್ಲಿ ಆ ವಾರದ ಗಂಟು ಬಿಚ್ಚಿ ಕೂತಿದ್ದಳು. ಒಂದೊಂದೇ ಪ್ಯಾಂಟಿನ ಅಂಚು ಬೆರಳಿಗೆ ಕೊಟ್ಟು ಸವರಿದಳು. ನುಣುಪು. ನುಣುಪು. ಹನ್ನೆರಡನೆಯದರಲ್ಲಿ ಬೆರಳು ತಡೆಯಿತು. ನಾಲ್ಕು ಮುಳ್ಳು. ಯಾರದೆಂದು ಗೊತ್ತಾಯಿತು. ಕಿತ್ತು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೋಟೆಲಿನ ಕಡೆ ತಿರುಗಿ ಕೂಗಿದಳು:

"ಲೋ ಮಗನೇ, ಇವತ್ತು ಸಂಜೆ ಮೂಲೆ ಮೇಜು ಒಂದು ಖಾಲಿ ಇಟ್ಟಿರು. ಒಬ್ಬರನ್ನ ನಾನೇ ಹೋಗಿ ಊಟಕ್ಕೆ ಕರ್ಕೊಂಡು ಬರ್ತೀನಿ."