ಹತ್ತಿಯ ಕೆಮ್ಮು

ರಕ್ತ ತಿರುಗಿಸುವ ಯಂತ್ರ ನಿಲ್ಲುತ್ತಾ ಬಂದಿದೆ, ಗುಂಯ್ ಎನ್ನುವುದು ಈಗ ಬರೀ ಉಸಿರಿನಷ್ಟು, ಅವ್ವ ನಿದ್ದೆಯಲ್ಲಿ ಎಳೆಯುವ ಉಸಿರಿನಷ್ಟು, ಛೇ, ಎಲ್ಲದಕ್ಕೂ ಅವ್ವನೇ ಯಾಕೆ ಬರಬೇಕು, ಸುಜಾತಾ ಮುಚ್ಚಳದ ಮೇಲೆ ಕೈಯಿಟ್ಟು ನಿಂತಿದ್ದಾಳೆ, ಒಳಗಿರುವುದು ಬೇರೆ ಯಾರದೋ ರಕ್ತ, ಅವ್ವನದು ಆಗಲೇ ಎರಡು ಸಲ ನೋಡಿಯಾಯಿತು, ಎರಡು ಸಲವೂ ಕ್ಯಾನ್ಸರಿನ ಸುಳಿವು ಕೊಡುವ ಆ ಪ್ರೋಟೀನುಗಳ ಪ್ರಮಾಣ ಅಷ್ಟೇ ಹೆಚ್ಚು — ಯಾಕ ಸುಜಾತಾ, ಆರಾಮ ಇದ್ದವರ ಗುಂಪಿನ್ಯಾಗಿನ ಈ ರಕ್ತ ಲಂಗ್ ಕ್ಯಾನ್ಸರಿನವರದ್ರ ಹಂಗ ಕಾಣಾಕತ್ತೇತಿ, ಅದಲಿಬದಲಿ ಆತೇನ, ಎಂದರು ಲ್ಯಾಬಿನ ಮುಖ್ಯಸ್ಥೆ ಯಶೋಧರಾ ಮೇಡಂ, ಇಲ್ರಿ ಮೇಡಂ, ಎಂದಳು ಸುಜಾತಾ, ಹಂಗಾರ ಆ ಹೆಣ್ಮಗಳನ್ನ ಲಗೂ ಸ್ಕ್ಯಾನಿಗೆ ಕರಸು, ರಕ್ತ ಬರೇ ಸುಳಿವು ಕೊಡತೇತಿ, ಖರೇ ಏನಂತ ಸ್ಕ್ಯಾನೇ ಹೇಳಬೇಕು, ಆ ಹೆಣ್ಮಗಳು ಯಾರೆಂದು ಮೇಡಂಗೆ ಗೊತ್ತಿಲ್ಲ, ನಳಿಕೆಯ ಮೇಲೆ ಹೆಸರಿರುವುದಿಲ್ಲ, ನಂಬರು, ವಯಸ್ಸು, ಹೆಣ್ಣೋ ಗಂಡೋ ಅಷ್ಟೇ — ಕ್ಯಾನ್ಸರಿನವರ ರಕ್ತದೊಂದಿಗೆ ಹೋಲಿಸಿ ನೋಡಲು ಆರೋಗ್ಯವಂತರು ಬೇಕು, ಬೀಡಿ ಮುಟ್ಟದವರು, ಕೆಮ್ಮು ಇಲ್ಲದವರು, ಎಂದು ಮೇಡಂ ಹೇಳಿದಾಗ ಲಕಮನಹಳ್ಳಿಯಿಂದ ಅವ್ವನನ್ನು ಕರೆತಂದವಳು ತಾನೇ, ಉಳಿದವರನ್ನೆಲ್ಲ ಕೆಮ್ಮು ಐತೇನ್ರಿ ಎಂದು ಕೇಳಿ ಅವ್ವನನ್ನೊಬ್ಬಳನ್ನೇ ಕೇಳದೆ ಬಿಟ್ಟಳು, ಕೇಳುವುದೇನಿತ್ತು, ಅದು ಹತ್ತಿಯ ಕೆಮ್ಮು, ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸಿದ ಹೆಂಗಸರೆಲ್ಲ ಕೆಮ್ಮುತ್ತಾರೆ, ಪಕ್ಕದ ಮನೆಯ ಗುಲ್ಜಾರಬಿ ಕೆಮ್ಮುತ್ತಾಳೆ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಅದನ್ನು ರೋಗವೆಂದು ಓಣಿಯಲ್ಲಿ ಯಾರೂ ಲೆಕ್ಕಕ್ಕೇ ಹಿಡಿದಿಲ್ಲ — ಅವ್ವ ಶೇವಂತೆವ್ವ ರಕ್ತ ಕೊಡಲು ಅವತ್ತು ಮದುವೆಗೆ ಹೊರಟವಳಂತೆ ಇಳಕಲ್ ಸೀರೆ ಉಟ್ಟು ಬಂದಿದ್ದಳು, ಸೂಜಿ ತೆಗೆದು ಹತ್ತಿಯ ಚೂರು ಒತ್ತಿದರೆ ನಕ್ಕಳು, ಗಾಡಿಗಟ್ಟಲೆ ಹತ್ತಿ ಆರಿಸೇನಿ ನಾ, ನಿಮ್ಮ ದವಾಖಾನಿಯವ್ರು ಇಷ್ಟ ಕೊಡತಾರೇನ್, ಜುಗ್ಗರು, ಸುಮ್ನ ಕೈ ಮಡಚಿ ಹಿಡಿ ಯವ್ವಾ, ನಾ ಹೇಳೂತನಕ ಬಿಡಬ್ಯಾಡ, ಎಂದಿದ್ದಳು ಸುಜಾತಾ, ಆಮೇಲೆ ಜನ ಬಂದರು, ಮರೆತೇಹೋಯಿತು, ಊಟದ ಹೊತ್ತಿಗೆ ಹೊರಗೆ ಬಂದರೆ ಅವ್ವ ಬಾಕಿನ ಮೇಲೆ ಹಾಗೇ, ಕೈ ಮಡಚಿಕೊಂಡೇ, ಈಗರ ಬಿಡಲೇನ, ನೀ ಹೇಳೇ ಇಲ್ಲಲ್ಲ — ಮೇಜಿನ ಮೇಲೆ ಫೋನು ನಡುಗುತ್ತಿದೆ, ಅವ್ವನದೇ, ಎತ್ತಿದರೆ ಬುತ್ತಿ ಉಂಡೀಯೇನ ಎಂದು ಕೇಳುತ್ತಾಳೆ, ಉಂಡೆ ಎನ್ನಬೇಕು, ನಾಳೆ ಬಾ ಎನ್ನಬೇಕು, ಯಾಕ, ರಕ್ತ ಸಾಕಾಗಲಿಲ್ಲೇನ ನಿಮಗ, ಎಂದು ನಗುತ್ತಾಳೆ, ನಕ್ಕರೆ ಕೆಮ್ಮು ಬರುತ್ತದೆ, ಆಗ ಏನು ಹೇಳುವುದು, ಬೆಲ್ಲ ತಿನ್ನು ಎನ್ನುವುದೇ, ಯಂತ್ರ ಪೂರ್ತಿ ನಿಂತಿದೆ, ಮುಚ್ಚಳ ತೆರೆಯಬೇಕು, ಫೋನು ಎತ್ತಬೇಕು, ಎತ್ತಬೇಕು, ಬಾಕಿನ ಮೇಲೆ ಅವ್ವ, ಮಡಚಿದ ಕೈ, ಮೊಣಕೈ ಮಡಿಕೆಯೊಳಗೆ ಹತ್ತಿಯ ಚೂರು, ಮಗಳು ಹೇಳುವತನಕ ಬಿಡದ ಕೈ, ಮಡಚಿದ ಕೈ