ಲೈನು ಕೊಟ್ಟ ಕೈ

ಶವಪೆಟ್ಟಿಗೆ ಮೇಲೇಳಲಿಲ್ಲ. ಎಡಗಡೆಯ ಹಿಡಿಗೆ ನೆರೆಮನೆಯ ಮುದುಕ ಪಾಂತೊ ಕೈಹಾಕಿ ಉಸಿರು ಬಿಗಿಹಿಡಿದಿದ್ದ. ಬಲಗಡೆ, ಮರ ಕೊಯ್ಯುವ ಮಿಲ್ಲಿನಲ್ಲಿ ತೀರಿಕೊಂಡ ತ್ರಿವುನ್ ಜೊತೆ ದುಡಿದವನೊಬ್ಬ. ಉಳಿದ ಹಿಡಿಗಳು ಖಾಲಿ. ಬೆಟಾಲಿಯನ್ನಿನ ಹಳಬರು ಬೇಲಿಗೆ ಒರಗಿ, ಸಿಗರೇಟು ಸೇದುತ್ತಾ ಬೇರೆಲ್ಲೋ ನೋಡುತ್ತಿದ್ದರು.

"ಏನ್ರೋ, ಕೈಗೆ ಲಕ್ವ ಹೊಡೀತಾ?" ಪಾಂತೊ ಗದರಿದ.

"ಸೊಂಟನೋವು, ಪಾಂತೊ ಮಾವ," ಬೇಲಿಯ ಕಡೆಯಿಂದ ಒಬ್ಬ ಹೇಳಿದ.

"ನಿನ್ನೆ ಹಂದಿ ಎತ್ತಿ ಗಾಡಿಗೆ ಹಾಕುವಾಗ ಇರಲಿಲ್ವಲ್ಲ ಈ ಸೊಂಟನೋವು!"

"ಹಂದಿ ಯಾರ ಮೇಲೂ ಸಾಕ್ಷಿ ಹೇಳಿಲ್ಲ ಮಾವ."

ಒಂದಿಬ್ಬರು ಮೂಗಿನಲ್ಲೇ ನಕ್ಕರು. ಸತ್ತವನ ಮಗ ದಾಲಿಬೊರ್ ಮುಂದೆ ಹೆಜ್ಜೆ ಇಟ್ಟ. ತಾಯಿ ರಾದೊಯ್ಕಾ ಅವನ ತೋಳು ಹಿಡಿದಳು.

"ನೀನು ಮುಟ್ಟಬೇಡ. ಮನೆಯವರು ಹೊತ್ತರೆ ಮನೆಗೆ ಇನ್ನೊಂದು ಸಾವು ಕರೆದ ಹಾಗೆ."

ಲಿಪ್ನಿಕ್‌ನಲ್ಲಿ ಗುಂಡಿ ತೋಡುವವರು, ಪೆಟ್ಟಿಗೆ ಹೊರುವವರು ಯಾವಾಗಲೂ ಹೊರಗಿನವರೇ. ಸತ್ತವನು ಸೈನಿಕನಾಗಿದ್ದರೆ ಅವನ ತುಕಡಿಯವರು ಹೊರುತ್ತಾರೆ, ಧ್ವಜ ಮುಂದೆ ನಡೆಯುತ್ತದೆ. ತುಕಡಿ ಹೊರದಿದ್ದರೆ ಅವನು ದ್ರೋಹಿ ಎಂದು ಅದೇ ತೀರ್ಪು. ಆ ತೀರ್ಪು ಸತ್ತವನ ಜೊತೆ ಮಣ್ಣಿಗೆ ಹೋಗುವುದಿಲ್ಲ. ಮಗ, ಮೊಮ್ಮಗಳ ಜೊತೆ ಊರಿನಲ್ಲೇ ಉಳಿಯುತ್ತದೆ. ಅಂಗಡಿಯೆದುರಿನ ಲಿಂಡೆನ್ ಮರಕ್ಕೆ ದಾಲಿಬೊರ್ ಅಂಟಿಸಿದ್ದ ಕಪ್ಪು ಅಂಚಿನ ಸಾವಿನ ಪ್ರಕಟಣೆಯನ್ನು ಬೆಳಗಾಗುವಷ್ಟರಲ್ಲಿ ಯಾರೋ ಹರಿದುಹಾಕಿದ್ದರು.

ಮಾಜಿ ಸೈನಿಕರ ಸಂಘದ ಅಧ್ಯಕ್ಷ ಗ್ಲಿಶೊ ಗೇಟು ದಾಟಿ ಬಂದ. ಯುದ್ಧದಲ್ಲಿ ಅವನು ಕಂಪನಿಯೊಂದರ ಕಮಾಂಡರ್. ಅವನ ಹಿಂದೆ ಹೆಂಡತಿ ದೊಬ್ರಿಲಾ, ಕೈಯಲ್ಲಿ ಮೇಣದಬತ್ತಿ.

"ಧ್ವಜ ಎಲ್ಲಿ, ಗ್ಲಿಶೊ?" ರಾದೊಯ್ಕಾ ಕೇಳಿದಳು.

"ಆಫೀಸಲ್ಲಿದೆ ಅತ್ತಿಗೆ. ಬೀಗದಕೈ ಸಿಗಲಿಲ್ಲ."

"ಅದು ನಿನ್ನ ಜೇಬಲ್ಲೇ ಇರುತ್ತಲ್ಲ."

ಗ್ಲಿಶೊ ಟೋಪಿ ತೆಗೆದ. "ನೀವು ಒಳ್ಳೆಯವರು. ನಿಮ್ಮ ಮುಖ ನೋಡಿ ಬಂದಿದ್ದೀನಿ, ಅಷ್ಟೇ. ಆದ್ರೆ ಲೆಕ್ಕ ನೀವೇ ಹಾಕಿ. ಕೈದಿಗಳ ಬಗ್ಗೆ ಕೊಟ್ಟ ಆ ಆದೇಶ ಕಾಗದದಲ್ಲಿ ಇರಲಿಲ್ಲ, ಫೋನಲ್ಲಿ ಬಂದದ್ದು. ಹೇಳಿದವರು ಮೇಜರ್, ಈಗ ಪರದೇಶದ ಜೈಲಲ್ಲಿದ್ದಾರೆ. ಕೇಳಿಸಿಕೊಂಡ ಬೆಟಾಲಿಯನ್ ಕಮಾಂಡರ್ ಅದೇ ಚಳಿಗಾಲದಲ್ಲಿ ಮೈನ್ ತುಳಿದು ಹೋದ. ಪಾಳಿಯಲ್ಲಿದ್ದ ಲೆಫ್ಟಿನೆಂಟ್ ಕೆನಡಾ ಸೇರ್ಕೊಂಡ, ಅವನು ಬಾಯಿ ಬಿಟ್ಟಿಲ್ಲ, ನಾನು ವಿಚಾರಿಸಿದ್ದೀನಿ. ಅದನ್ನ ಹೇಗ್ ಕೋರ್ಟಿಗೆ ಹೇಳೋಕೆ ಇನ್ಯಾರು ಉಳಿದ್ರು? ಬಾಗಿಲ ಹತ್ರ ತಂತಿ ರಿಪೇರಿ ಮಾಡ್ತಾ ಕೂತಿದ್ದವನು."

ಎಲ್ಲರೂ ಪೆಟ್ಟಿಗೆಯನ್ನು ನೋಡಿದರು.

"ವಿಚಾರಣೆ ನಡೆದ ವಾರವೇ ಅವನು ಊರಲ್ಲಿರಲಿಲ್ಲ. ನಿಮಗೆ ಬೆಲ್ಗ್ರೇಡಲ್ಲಿ ಪಿತ್ತಕೋಶದ ಆಪರೇಷನ್ ಅಂದ. ನಾವೇನು ಹಾಲು ಕುಡಿಯೋ ಮಕ್ಕಳಾ?"

* * *

ಮೂವತ್ತು ವರ್ಷಗಳ ಹಿಂದಿನ ಆ ಮೇ ತಿಂಗಳಲ್ಲಿ ಹಳೆಯ ಯುಗೊಸ್ಲಾವ್ ಸೇನೆ ಬೊಸ್ನಿಯಾದಿಂದ ಹಿಂದೆ ಸರಿಯಿತು. ಅದು ಬಿಟ್ಟುಹೋದ ಫಿರಂಗಿ, ಲಾರಿ, ಫೋನುಗಳು ಮತ್ತು ಬಹುಪಾಲು ಅಧಿಕಾರಿಗಳ ಮೇಲೆಯೇ ಸೆರ್ಬರ ಹೊಸ ಸೇನೆ ಎದ್ದು ನಿಂತಿತು. ಮೇಲೆ ಪ್ರಧಾನ ಕಚೇರಿ, ಅದರಡಿ ಕೋರ್‌ಗಳು, ಕೋರ್‌ಗಳಡಿ ಬ್ರಿಗೇಡುಗಳು. ಬ್ರಿಗೇಡು ಎಂದರೆ ಆಯಾ ತಾಲ್ಲೂಕಿನ ಗಂಡಸರೇ. ಬೆಟಾಲಿಯನ್ನು ಎಂದರೆ ಅಕ್ಕಪಕ್ಕದ ನಾಲ್ಕು ಹಳ್ಳಿ. ಕಮಾಂಡರ್, ಅಡುಗೆಯವನು, ಲಾರಿ ಓಡಿಸುವವನು ಎಲ್ಲರೂ ಒಂದೇ ಚರ್ಚಿಗೆ ನಡೆದುಕೊಳ್ಳುವವರು.

ತ್ರಿವುನ್‌ಗೆ ಸಂಪರ್ಕ ದಳದ ಕೆಲಸ ಬಂತು. ಬೆನ್ನಿಗೆ ತಂತಿಯ ಸುರುಳಿ ಹೊತ್ತು ಗುಡ್ಡ ಹತ್ತುವುದು, ಶೆಲ್ ಬಿದ್ದು ತುಂಡಾದಲ್ಲಿ ಗಂಟು ಹಾಕುವುದು. ಅವನಿಗೆ ಸಮವಸ್ತ್ರ, ಬಂದೂಕು, ಮುಂದೆ ಸೈನಿಕನೆಂಬ ಪ್ರಮಾಣಪತ್ರ ಸಿಕ್ಕವು.

ರಾದೊಯ್ಕಾ ಅದಕ್ಕೂ ಮುಂಚಿನಿಂದ ಅಂಚೆ ಕಚೇರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಳು. ಬ್ರಿಗೇಡಿನವರು ಅವಳನ್ನೂ ದೊಬ್ರಿಲಾಳನ್ನೂ ಕರೆದೊಯ್ದು ಶಾಲೆಯ ನೆಲಮಾಳಿಗೆಯಲ್ಲಿ ಸ್ವಿಚ್‌ಬೋರ್ಡಿನ ಮುಂದೆ ಕೂರಿಸಿದರು. ದೊಬ್ರಿಲಾಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಹೆಂಗಸರ ಈ ದುಡಿಮೆಯನ್ನು ಸೇನೆ 'ಕೆಲಸದ ಕರ್ತವ್ಯ' ಎಂದು ಕರೆಯಿತು. ಸೈನಿಕರ ಹಾಜರಾತಿಯಲ್ಲಿ ಅವರಿರಲಿಲ್ಲ.

ಜುಲೈಯ ಒಂದು ಮಧ್ಯಾಹ್ನ ರಾದೊಯ್ಕಾ ಮೇಜರನಿಗೆ ಬೆಟಾಲಿಯನ್ನಿನ ಲೈನು ಕೊಟ್ಟಳು. ತಂತಿ ಆಗತಾನೇ ಸರಿಯಾಗಿದ್ದರಿಂದ ದನಿ ದಾಟುತ್ತಿದೆಯೇ ಎಂದು ಕಿವಿಗೊಡಬೇಕಿತ್ತು, ಅದು ನಿಯಮ.

"ಸಹಕಾರ ಸಂಘದ ಗೋದಾಮಿನಲ್ಲಿ ಇರೋರನ್ನ ಇವತ್ತೇ ಹೊಳೆ ಕಡೆಗೆ ಕರ್ಕೊಂಡು ಹೋಗಿ," ಮೇಜರ್ ಹೇಳಿದ. "ಯಾರೂ ಉಳಿಯಬಾರದು."

ಗೋದಾಮಿನಲ್ಲಿ ಕೂಡಿಹಾಕಿದ್ದು ಕೆಳಗಿನ ಹಳ್ಳಿಯ ಮುಸ್ಲಿಂ ಗಂಡಸರನ್ನು. ಅವರಲ್ಲಿ ಪೋಸ್ಟ್‌ಮ್ಯಾನ್ ಹಸಿಬ್ ಒಬ್ಬ. ದಿನಾ ಬೆಳಿಗ್ಗೆ ಟಪಾಲು ವಿಂಗಡಿಸುವ ಮೊದಲು ರಾದೊಯ್ಕಾಳ ಮೇಜಿನ ಮೇಲೆ ಕಾಫಿ ತಂದಿಡುತ್ತಿದ್ದವನು.

ಮಾತು ಮುಗಿಯಿತು. ಅವಳು ಪ್ಲಗ್ಗು ಕಿತ್ತಳು. ಬೋರ್ಡಿನಲ್ಲಿ ಇನ್ನೊಂದು ದೀಪ ಹತ್ತಿತು. ಯಾರಿಗೋ ಬ್ರೆಡ್ಡಿನ ಲಾರಿ ಬೇಕಿತ್ತು. ಆ ಲೈನನ್ನೂ ಕೊಟ್ಟಳು.

* * *

ಹೇಗ್‌ನಿಂದ ಯುದ್ಧಾಪರಾಧ ನ್ಯಾಯಾಲಯದ ತನಿಖೆಯವರು ರಾದೊಯ್ಕಾಳನ್ನು ಹುಡುಕಿಕೊಂಡು ಬಂದಾಗ ಮೊದಲು ಹೆದರಿದವನು ತ್ರಿವುನ್. ಆದರೆ ಚೀಲ ಕಟ್ಟಿಕೊಟ್ಟವನೂ ಅವನೇ. ನ್ಯಾಯಾಲಯದಲ್ಲಿ ಅವಳನ್ನು ಪರದೆಯ ಹಿಂದೆ ಕೂರಿಸಿದರು, ಹೆಸರಿನ ಬದಲು ಒಂದು ಅಕ್ಷರ ಕೊಟ್ಟರು, ಯಂತ್ರದಿಂದ ದನಿ ಬದಲಾಯಿಸಿದರು. ಲಿಪ್ನಿಕ್‌ನ ಕಾಫಿ ಅಂಗಡಿಯಲ್ಲಿ ಟೀವಿ ಮುಂದೆ ಕುಳಿತವರಿಗೆ ಕೇಳಿಸಿದ್ದು ಬಾವಿಯೊಳಗಿನಿಂದ ಬಂದಂಥ ಗಡಸು ದನಿ. ಅದು ಗಂಡಸಿನದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯಾವ ಗಂಡಸು ಎಂಬುದಷ್ಟೇ ಪ್ರಶ್ನೆ.

ಚಳಿ ಬರುವ ಹೊತ್ತಿಗೆ ಮಿಲ್ಲಿನಲ್ಲಿ ತ್ರಿವುನ್ ಪಕ್ಕ ಊಟಕ್ಕೆ ಕೂರುವವರು ಕಡಿಮೆಯಾದರು. ಒಂದು ಬೆಳಿಗ್ಗೆ ಅವನ ನಾಯಿ ಗೇಟಿನ ಬಳಿ ಸತ್ತುಬಿದ್ದಿತ್ತು.

"ನಾಳೆ ಹೋಗಿ ಎಲ್ಲ ಹೇಳಿಬಿಡ್ತೀನಿ," ಎಂದಳು ರಾದೊಯ್ಕಾ.

"ಯಾರಿಗೆ ಹೇಳ್ತೀಯ? ಸುಮ್ನಿರು." ತ್ರಿವುನ್ ಸಲಿಕೆ ತೆಗೆದುಕೊಂಡು ನಾಯಿಗೆ ಗುಂಡಿ ತೋಡುತ್ತಿದ್ದ. "ಅವರು ನನ್ನ ಮೇಲೆ ಕಣ್ಣಿಟ್ಟಿರೋವರೆಗೂ ನಿನ್ನ ಕಡೆ ತಿರುಗಲ್ಲ. ನಾನು ಸತ್ತ ಮೇಲೂ ಬಾಯಿ ಬಿಡಬೇಡ. ಹೆಣಕ್ಕೆ ಯಾರು ಏನು ಮಾಡ್ತಾರೆ?"

* * *

"ನನ್ನ ಕೈ ಸೋತು ಹೋಗ್ತಿದೆ ಕಣ್ರೋ," ಪಾಂತೊ ಅಂದ. ಪಾದ್ರಿ ಗಡಿಯಾರ ನೋಡಿಕೊಂಡರು.

ರಾದೊಯ್ಕಾ ತಲೆಯ ಕಪ್ಪು ವಸ್ತ್ರವನ್ನು ಗಟ್ಟಿಯಾಗಿ ಕಟ್ಟಿಕೊಂಡು ಗ್ಲಿಶೊನ ಮುಂದೆ ಹೋಗಿ ನಿಂತಳು.

"ಆ ಲೈನು ಕೊಟ್ಟವರು ಯಾರು?"

"ಯಾವ ಲೈನು?"

"ಮೇಜರ್ ಮಾತಾಡಿದ್ದು. ಬ್ರಿಗೇಡಿಂದ ಬೆಟಾಲಿಯನ್ನಿಗೆ. ಪ್ಲಗ್ಗು ತಾನಾಗೇ ಹೋಗಿ ತೂತಿಗೆ ಸೇರ್ಕೊಳ್ತಾ?"

"ಅದು... ಎಕ್ಸ್‌ಚೇಂಜಿನ ಹುಡುಗೀರು."

"ಹುಡುಗೀರಿಗೆ ಕಿವಿ ಇರಲಿಲ್ವ ಗ್ಲಿಶೊ?"

ಬೇಲಿಯ ಬಳಿ ಸಿಗರೇಟು ಹಿಡಿದು ಬಾಯಿಗೆ ಹೋಗುತ್ತಿದ್ದ ಕೈಯೊಂದು ಅರ್ಧದಲ್ಲೇ ನಿಂತಿತು.

"ಆಪರೇಷನ್ ಅಂದ್ರೆ ನೀವು ನಂಬಲಿಲ್ಲ. ಅದು ಸರಿಯೇ, ಆಪರೇಷನ್ ಸುಳ್ಳು. ಆದ್ರೆ ಪರದೆ ಹಿಂದೆ ಕೂತಿದ್ದವಳು ನಾನು. ಅವನು ನನ್ನ ಚೀಲ ಹೊರೋಕೆ ಬಂದಿದ್ದ. ತಂತಿ ಕಟ್ಟಿದವನಿಗೆ ಮಾತು ಕೇಳಿಸಲ್ಲ, ಅಷ್ಟೂ ಗೊತ್ತಿಲ್ವ ನಿಮಗೆ? ಇಷ್ಟು ವರ್ಷ ಅವನ ಮುಖಕ್ಕೆ ಉಗಿದ್ರಲ್ಲ."

"ಅತ್ತಿಗೆ, ಗಂಡನ್ನ ಉಳಿಸೋಕೆ ಹೀಗೆಲ್ಲ..."

"'ಯಾರೂ ಉಳಿಯಬಾರದು.' ಹೀಗಂದ ಮೇಲೆ ಮೇಜರ್ ಕೆಮ್ಮಿದ. ಆಮೇಲೆ, 'ನಿನ್ನ ಮಗನ ಜ್ವರ ಬಿಡ್ತಾ?' ಅಂತ ಕೇಳಿದ. ಇನ್ನೂ ಹೇಳಬೇಕಾ?"

ಆ ಬೇಸಿಗೆಯಲ್ಲಿ ಬೆಟಾಲಿಯನ್ ಕಮಾಂಡರನ ಮಗ ಜ್ವರದಿಂದ ಮಲಗಿದ್ದು ಅಂಗಳದಲ್ಲಿದ್ದ ಹಳಬರಿಗೆಲ್ಲ ನೆನಪಿತ್ತು.

"ತೀರ್ಪು ಆಮೇಲೆ ಕೊಡಿ," ಪಾಂತೊ ಕೂಗಿದ. "ಈಗ ಬಂದು ಎತ್ತಿ!"

ಸೊಂಟನೋವಿನವನು ಸಿಗರೇಟು ಹೊಸಕಿ ಬಂದ. ಇನ್ನಿಬ್ಬರು ಬಂದರು. ಕೊನೆಯ ಹಿಡಿಗೆ ಗ್ಲಿಶೊನೇ ಕೈಹಾಕಿದ, ಯಾರ ಮುಖವನ್ನೂ ನೋಡದೆ. ಪೆಟ್ಟಿಗೆ ಮೇಲೆದ್ದಿತು.

* * *

ಸ್ಮಶಾನದ ಏರಿನಲ್ಲಿ ದಾಲಿಬೊರ್ ತಾಯಿಯ ಪಕ್ಕ ನಡೆಯುತ್ತಿದ್ದ. ಅರ್ಧ ಏರಿದ ಮೇಲೆ ಕೇಳಿದ, "ನಿಜವಾ ಅಮ್ಮಾ?"

"ನಿಜ."

"ನಮ್ಮ ಹುಡುಗಿ ಇದೇ ಊರಿನ ಶಾಲೆಗೆ ಹೋಗ್ಬೇಕು."

"ಇಲ್ಲೀತನಕ ಅವಳನ್ನ ಯಾರ ಮೊಮ್ಮಗಳು ಅಂತಿದ್ರು?"

ಅವನು ಸ್ವಲ್ಪ ದೂರ ಹೋದ ಮೇಲೆ ತೋಳು ಚಾಚಿದ, ಅವಳು ಹಿಡಿದುಕೊಂಡಳು.

ಪಾದ್ರಿ ಪೆಟ್ಟಿಗೆಯ ಮೇಲೆ ವೈನ್ ಸುರಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು, ಬೆಟಾಲಿಯನ್ನಿನವರೂ. "ಒಳ್ಳೆ ಸೈನಿಕ," ಎಂದು ಗ್ಲಿಶೊ ಗುಂಡಿಗೆ ಕೇಳಿಸುವಷ್ಟು ಮಾತ್ರ ಹೇಳಿದ.

ಸ್ಮಶಾನದ ಗೇಟಿನ ಬಳಿ ರಾದೊಯ್ಕಾ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯ ಬಟ್ಟಲು ಹಿಡಿದು ನಿಂತಳು. ಸತ್ತವನ ಆತ್ಮಕ್ಕಾಗಿ ಪ್ರತಿಯೊಬ್ಬರೂ ಒಂದು ಚಮಚ ತಿನ್ನಲೇಬೇಕು. ತಿನ್ನದಿದ್ದರೆ ಅವನಿಗೆ ಶಾಂತಿ ಬೇಡವೆಂದ ಹಾಗೆ. ಪಾಂತೊ ತಿಂದು ಶಿಲುಬೆಯ ಗುರುತು ಮಾಡಿಕೊಂಡ. ಮಿಲ್ಲಿನವನು ತಿಂದ. ಸಾಲು ಅಲ್ಲಿಗೇ ನಿಂತುಬಿಟ್ಟಿತು.

"ಬಟ್ಟಲನ್ನ ಆ ಕಟ್ಟೆ ಮೇಲಿಡಿ," ಗ್ಲಿಶೊ ಹೇಳಿದ. ಈಗ ಅವನು ಅತ್ತಿಗೆ ಎನ್ನಲಿಲ್ಲ. "ತ್ರಿವುನ್ ಹೆಸರಲ್ಲಿ ನಾವೇ ತಗೋತೀವಿ."

ರಾದೊಯ್ಕಾ ಬಟ್ಟಲು ಇಳಿಸಲಿಲ್ಲ.

ಆಗ ಗಂಡಸರ ಹಿಂದಿನಿಂದ, ಅಂದು ಸ್ವಿಚ್‌ಬೋರ್ಡಿನಲ್ಲಿ ರಾದೊಯ್ಕಾಳ ಪಕ್ಕ ಕೂರುತ್ತಿದ್ದ ದೊಬ್ರಿಲಾ ದಾರಿ ಮಾಡಿಕೊಂಡು ಬಂದಳು. ಒಂದು ಕೈ ಬಟ್ಟಲಿನ ಅಂಚಿನ ಮೇಲೆ, ರಾದೊಯ್ಕಾಳ ಬೆರಳುಗಳ ಮೇಲೆಯೇ ಇಟ್ಟು, ಇನ್ನೊಂದು ಕೈಯಲ್ಲಿ ಚಮಚದ ತುಂಬ ಗೋಧಿ ತೆಗೆದುಕೊಂಡಳು.

"ದೇವರು ಅವನಿಗೆ ಶಾಂತಿ ಕೊಡಲಿ," ಎಂದು ಬಾಯಿಗೆ ಹಾಕಿಕೊಂಡಳು.

ಗೋಧಿ ಗಟ್ಟಿಯಿತ್ತು, ಅವಳು ನಿಧಾನವಾಗಿ ಅಗಿದಳು. ಗ್ಲಿಶೊ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ, ಹೆಂಡತಿಯ ದವಡೆ ಆಡುವುದನ್ನೇ ನೋಡುತ್ತಾ ನಿಂತ. ಅವನ ಹಿಂದೆ ಬೆಟಾಲಿಯನ್ನಿನವರು ಒಬ್ಬೊಬ್ಬರಾಗಿ ಅತ್ತಲೇ ನೋಡತೊಡಗಿದರು.