ಅಕ್ಕ ನೋಡದ ಪುಟ

ತಯಾರಿಸಿದ ಕಂಪನಿ ಮುಚ್ಚಿ ಇಪ್ಪತ್ತು ವರ್ಷವಾದರೂ ಆ ಹೆಣಿಗೆ ಯಂತ್ರಗಳು ಇನ್ನೂ ಸತ್ತಿರಲಿಲ್ಲ. ಸ್ವೆಟರ್ ಹೆಣೆದು ಹೊಟ್ಟೆ ಹೊರೆಯುವ ಹೆಂಗಸರು ಎಷ್ಟೋ ಊರುಗಳಲ್ಲಿ ಅವನ್ನೇ ನೆಚ್ಚಿಕೊಂಡು ಕೂತಿದ್ದರು. ಕಂಪ್ಯೂಟರಿನಿಂದ ಆ ಯಂತ್ರಗಳಿಗೆ ಚಿತ್ತಾರ ಕಳಿಸುವ ಸಾಫ್ಟ್‌ವೇರ್ ಬರೆದವನು ತಮ್ಮ. ಯಾರು ಬೇಕಾದರೂ ಬಳಸಿ, ಯಾರು ಬೇಕಾದರೂ ತಿದ್ದಿ ಎಂದು ಪುಕ್ಕಟೆ ಬಿಟ್ಟುಕೊಟ್ಟ. ಅದನ್ನು ಬಳಸುವುದು ಹೇಗೆಂದು ಹೇಳಿಕೊಡುವ ವೆಬ್‌ಸೈಟು ಮಾತ್ರ ಅಕ್ಕನದು. ಅವನು ವಿವರಿಸಿದರೆ ದೇವರಿಗೂ ಅರ್ಥವಾಗುವುದಿಲ್ಲವೆಂದು ಅವಳೇ ಆ ಕೆಲಸ ಕಿತ್ತುಕೊಂಡಿದ್ದಳು.

ಅಕ್ಕ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಊರವರ ತಪ್ಪೆಲ್ಲ ಹುಡುಕಿ ಹುಡುಕಿ ಹುಬ್ಬು ಗಂಟಿಕ್ಕಿಕೊಂಡೇ ಇರುತ್ತಿತ್ತು. ಪ್ರಾಜೆಕ್ಟಿನಲ್ಲಿ ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಸ್ವಲ್ಪ ಹೆದರಿಕೊಂಡೇ ಕರೆಯುತ್ತಿದ್ದರು. ಅವಳ ಕಾನೂನು ಒಂದೇ. ಏನೇ ಬರೆದರೂ ಮೊದಲು ಎಲ್ಲರಿಗೂ ಕಾಣುವ ಮೂಲ ಕಡತಗಳಿಗೆ ಸೇರಿಸಬೇಕು, ಇನ್ನೊಬ್ಬರು ಓದಿ ಒಪ್ಪಬೇಕು, ಆಮೇಲೆ ಸೈಟಿಗೆ ಹೋಗಬೇಕು. ಅಲ್ಪವಿರಾಮ ಬದಲಿಸುವುದಕ್ಕೂ ಇದೇ ದಾರಿ.

ತಮ್ಮನಿಗೆ ಇದೆಂದರೆ ಅಲರ್ಜಿ. "ಒಂದು ಅಕ್ಷರಕ್ಕೆ ಏಳು ಸಲ ಅಪ್ಪಣೆ ಕೇಳಬೇಕೇನೆ? ನೇರವಾಗಿ ಸರ್ವರಲ್ಲೇ ತಿದ್ದಿದ್ರೆ ಎರಡು ನಿಮಿಷದ ಕೆಲಸ" ಎಂದು ರೇಗಿಸುತ್ತಿದ್ದ.

"ಸರ್ವರಿಗೆ ಕೈ ಹಾಕು, ಆ ಕೈ ಮುರೀತೀನಿ" ಎನ್ನುತ್ತಿದ್ದಳು ಅಕ್ಕ. ಅವಳ ಬಾಯಿ ಅಂಥದ್ದು, ಏನು ಮಾಡುವುದು.

ಆಮೇಲೆ ಅವನ ಕೈಗಳೇ ನಡುಗತೊಡಗಿದವು. ಮೊದಲು ಲೋಟ ಹಿಡಿಯುವಾಗ, ಆಮೇಲೆ ತನ್ನ ಕೋಣೆಯ ಹೆಣಿಗೆ ಯಂತ್ರಕ್ಕೆ ನೂಲು ಹಾಕುವಾಗ, ಬರಬರುತ್ತ ಸುಮ್ಮನೆ ಕೂತಾಗಲೂ. ಔಷಧಿಯಿಂದ ಎಂದರು, ಕಾಯಿಲೆಯಿಂದ ಎಂದರು, ಕೊನೆಗೆ ಎರಡರಿಂದಲೂ ಎಂದರು. ಆಸ್ಪತ್ರೆ ಸೇರಿದ ಮೇಲೆ, ವಾರ್ಡಿನ ಮಂಚದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಳ್ಳಲಾಗದೆ ಬರೀ ಫೋನಿನಲ್ಲಿ ಹೆಬ್ಬೆರಳಿನಿಂದ ಏನೋ ಒತ್ತುತ್ತಿದ್ದ. ಅಕ್ಕ ಬಂದ ಸದ್ದಾದರೆ ಫೋನು ಹೊದಿಕೆಯೊಳಗೆ ಹೋಗುತ್ತಿತ್ತು. ಗೇಮ್ ಆಡುತ್ತಿದ್ದಾನೆ ಎಂದುಕೊಂಡಳು. "ಕಣ್ಣಿಗೆ ಸ್ವಲ್ಪ ರೆಸ್ಟ್ ಕೊಡೋ, ಮಹಾರಾಯ" ಎಂದು ಬೈದಳು. ಅವನು ನಕ್ಕ. ಐದು ವಾರದ ಮೇಲೆ ಒಂದು ಮಧ್ಯಾಹ್ನ ಹೋಗಿಬಿಟ್ಟ.

ಹೋಗಿ ಎರಡು ತಿಂಗಳಿಗೆ ಸೈಟನ್ನು ಹೊಸ ಸರ್ವರಿಗೆ ಸಾಗಿಸುವ ಕೆಲಸ ಬಂತು. ಸರ್ವರ್ ನೋಡಿಕೊಳ್ಳುವವನನ್ನು ಎಲ್ಲರೂ ಗಡ್ಡದಣ್ಣ ಎನ್ನುತ್ತಿದ್ದರು. ಅವನು ವಿಡಿಯೋ ಕರೆಯಲ್ಲಿ ಗಡ್ಡ ಕೆರೆದುಕೊಂಡು, "ಹಳೇ ಸರ್ವರಲ್ಲಿ ಇರೋದನ್ನೆಲ್ಲ ಒಂದ್ಸಲ ನಕಲು ತೆಗೆದಿಟ್ಕೊಳ್ಳೋಣವಾ ಅಕ್ಕ?" ಎಂದ.

"ಯಾಕೆ? ನಮ್ಮದು ಪ್ರತಿಯೊಂದು ಅಕ್ಷರವೂ ಮೂಲ ಕಡತದಲ್ಲಿದೆ. ಅಲ್ಲಿಲ್ಲದ್ದು ಸೈಟಿನಲ್ಲಿ ಇರೋಕೇ ಸಾಧ್ಯವಿಲ್ಲ. ಅಲ್ಲಿಂದಲೇ ಹೊಸದಾಗಿ ಕಟ್ಟು, ಹಳೇದನ್ನ ಅಳಿಸಿಬಿಡು."

ಅಳಿಸಿದ. ಎಲ್ಲ ಹೂವು ಎತ್ತಿದಂತೆ ಆಯಿತು. ಅಕ್ಕ ಬೀಗಿದಳು ಕೂಡ, ಸುಳ್ಳೇಕೆ.

ಜನ ಕೇಳಿ ಸಿಗದೆ ಹೋದ ಪುಟಗಳ ಪಟ್ಟಿಯೊಂದು ವಾರಕ್ಕೊಮ್ಮೆ ಅವಳಿಗೆ ಬರುತ್ತಿತ್ತು. ಆ ವಾರ ಒಂದೇ ವಿಳಾಸ ಇನ್ನೂರು ಸಲ ಬಂದಿತ್ತು. ಎಂದೂ ಕಂಡಿರದ ವಿಳಾಸ. ಯಾರೋ ಎಲ್ಲೋ ತಪ್ಪು ಕೊಂಡಿ ಹಾಕಿದ್ದಾರೆಂದು ಗೊಣಗಿ, ಅಲ್ಲಿಗೆ ಬಂದವರು ಮುಖಪುಟಕ್ಕೆ ಹೋಗುವ ಹಾಗೆ ಮಾಡಿದಳು. ಪಟ್ಟಿ ಸ್ವಚ್ಛವಾಯಿತು.

ಆಮೇಲೆ ಒಬ್ಬ ಹೆಣಿಗೆಯವಳ ಸಂದೇಶ ಬಂತು. "ಅಕ್ಕ, ಕೈ ನಡುಗೋರಿಗೆ ಅಂತ ಒಂದು ಪುಟ ಇತ್ತಲ್ಲ, ನಾವು ಹೆಣಿಗೆಯವರು ಫೋನಲ್ಲಿ ಒಬ್ಬರಿಗೊಬ್ಬರು ಕಳಿಸ್ಕೊಳ್ತಿದ್ದದ್ದು, ಎಲ್ಲಿ ಹೋಯ್ತು? ನಮ್ಮತ್ತೆಗೆ ಲಕ್ವ ಹೊಡೆದ ಮೇಲೆ ಸೂಜಿಗೆ ನೂಲು ಹಾಕೋಕೆ ಆಗ್ತಿರಲಿಲ್ಲ. ಅದನ್ನ ಒಂದೇ ಸಲ ಓದಿ ಹೇಳಿದ್ದೆ, ಮತ್ತೆ ಯಂತ್ರದ ಮುಂದೆ ಕೂತಿದ್ರು. ಈಗ ಇಬ್ಬರಿಗೂ ಪೂರ್ತಿ ನೆನಪಿಲ್ಲ. ಈಗ ಮುಖಪುಟ ಬರುತ್ತೆ ಅಷ್ಟೇ."

"ಅಂಥ ಪುಟ ನಮ್ಮಲ್ಲಿ ಇರಲೇ ಇಲ್ಲಮ್ಮ. ಬೇರೆ ಸೈಟಿರಬೇಕು" ಎಂದು ಅಕ್ಕ ಬರೆದಳು.

"ಇಲ್ಲ ಅಕ್ಕ, ನಿಮ್ಮದೇ. ಬರೆದೋರಿಗೂ ಕೈ ನಡುಗುತ್ತಂತೆ. ಆಸ್ಪತ್ರೇಲಿ ಮಲಗಿಕೊಂಡು ಬರೀತಿದೀನಿ ಅಂತ ಹಾಕಿದ್ರು."

ಅಕ್ಕ ಓದಿದಳು. ಮುದ್ರಣಾಲಯದ ಮೇಜಿನ ಮೇಲೆ ಯಾರದೋ ಲಗ್ನಪತ್ರಿಕೆಯ ಕರಡಿತ್ತು, ಕೆಂಪು ಪೆನ್ನು ಅದರ ಮೇಲೇ ಬಿತ್ತು. ಹೊರಗೆ ಮೆಟ್ಟಿಲ ಮೇಲೆ ನಿಂತು ಗಡ್ಡದಣ್ಣನಿಗೆ ಫೋನು ಮಾಡಿದಳು.

ಅವನು ಬಾಯಿಬಿಟ್ಟ. "ಆಸ್ಪತ್ರೆಯಿಂದ ಸರ್ವರಿನ ಪಾಸ್‌ವರ್ಡ್ ಕೇಳಿದ್ದ ಅಕ್ಕ. ಫೋನಲ್ಲಿ ನಿಮ್ಮ ದಾರೀಲಿ ಹೋಗೋಕಾಗಲ್ಲ, ಬೆರಳು ನಿಲ್ಲಲ್ಲ ಅಂದ. ನಿಮಗೆ ಹೇಳಬೇಡ ಅಂತಲೂ ಅಂದ. ಏನು ಬರೆದ ಅಂತ ನಾನು ನೋಡಲಿಲ್ಲ. ಆದರೂ ಮನಸ್ಸಿನಲ್ಲಿತ್ತು. ಅದಕ್ಕೇ ನಕಲು ತೆಗೆಯೋಣವಾ ಅಂದಿದ್ದು, ನೀವು..."

ಅಕ್ಕ ಫೋನು ಇಟ್ಟಳು.

ಇಂಟರ್ನೆಟ್ಟಿನಲ್ಲಿ ಎಲ್ಲಾದರೂ ಪ್ರತಿ ಉಳಿದಿರಬಹುದೆಂದು ಹುಡುಕಿದಳು. ಇರಲಿಲ್ಲ. ಹಳೆಯ ಪುಟ ಓದಿ ಜನ ದಾರಿ ತಪ್ಪುತ್ತಾರೆಂದು, ನಮ್ಮ ಸೈಟಿನ ಪ್ರತಿಯನ್ನು ಯಾರೂ ಇಟ್ಟುಕೊಳ್ಳಕೂಡದು ಎಂದು ಎರಡು ವರ್ಷದ ಹಿಂದೆ ನಿರ್ಬಂಧ ಹಾಕಿದವಳೂ ಅವಳೇ. ತಮ್ಮ ತನ್ನ ಕಡೆಯ ಐದು ವಾರಗಳಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದದ್ದು ಲೋಕದಲ್ಲಿ ಎಲ್ಲೂ ಇಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಒಳಗೆ ಬೇಯುತ್ತಿದ್ದದ್ದು ಒಂದೇ ಮಾತು, ಅವನು ತನಗೆ ಹೆದರಿ ಮುಚ್ಚಿಟ್ಟ ಎಂಬುದು.

ಬಳಸುವವರಿಗೆಲ್ಲ ಬರೆದಳು: ಆ ಪುಟದ ಒಂದು ಸಾಲು ಇದ್ದರೂ ಕಳಿಸಿ. ಹದಿನೇಳು ಜನ ಉತ್ತರಿಸಿದರು, ಹದಿನಾರು ಜನರದ್ದು ಬರೀ ನೆನಪು. ಒಬ್ಬ ದರ್ಜಿ ಮಾತ್ರ ತನ್ನಕ್ಕನಿಗೆ ಕಳಿಸಲೆಂದು ಫೋನಿನ ಪರದೆಯ ಚಿತ್ರ ತೆಗೆದಿಟ್ಟಿದ್ದ. ಪರದೆಯಲ್ಲಿ ಎಷ್ಟು ಹಿಡಿದಿತ್ತೋ ಅಷ್ಟು.

ಮೇಲೆಯೇ ಹೀಗಿತ್ತು: "ಈ ಪುಟ ಅಕ್ಕ ನೋಡಿಲ್ಲ. ನೋಡಿದರೆ ಬೈತಾಳೆ. ತಪ್ಪಿದ್ದರೆ ಅವಳಿಗೆ ದೂರು ಕೊಡಬೇಡಿ, ವಾಸಿಯಾದ ಮೇಲೆ ನಾನೇ ಅವಳ ಕೈಲಿ ತಿದ್ದಿಸಿ ಸರಿಯಾಗಿ ಹಾಕ್ತೀನಿ."

ಕೆಳಗೆ ಹಂತಗಳು. ಒಂದನೆಯದು, ಎರಡೂ ಮೊಣಕೈ ಮೇಜಿನ ಮೇಲೆ ಊರಿ, ಗಾಳಿಯಲ್ಲಿರುವ ಕೈ ಹೆಚ್ಚು ನಡುಗುತ್ತದೆ. ಎರಡನೆಯದು, ನೂಲಿನ ತುದಿಗೆ ಸೋಪು ಸವರಿ ಒಣಗಿಸಿ, ಗಟ್ಟಿಯಾಗುತ್ತದೆ. ಮೂರನೆಯದು, ನಡುಕದ ಜೊತೆ ಜಗಳವಾಡಬೇಡಿ, ಅದು ಬಂದು ಹೋಗುತ್ತದೆ, ನಡುವೆ ಒಂದು ಗಳಿಗೆ ಸುಮ್ಮನಿರುತ್ತದೆ, ಕಾಯಿರಿ. ನಾಲ್ಕನೆಯದು, "ಆ ಗಳಿಗೆ ಸಿಕ್ಕಿತು ಅನ್ನುವಾಗ ಬಲಗೈಯನ್ನು". ಅಲ್ಲಿಗೆ ಚಿತ್ರ ಮುಗಿದಿತ್ತು.

ಅಕ್ಕ ತಮ್ಮನ ಕೋಣೆಗೆ ಹೋಗಿ, ಯಂತ್ರದ ಮೇಲಿನ ಬಟ್ಟೆ ಸರಿಸಿ ಕೂತಳು. ಮೊಣಕೈ ಊರಿದಳು. ಸೋಪು ಸವರಿದಳು. ನೂಲು ಮೊದಲ ಸಲಕ್ಕೇ ಸೂಜಿಗೆ ಸೇರಿತು. ಅವಳ ಕೈ ನಡುಗುತ್ತಿರಲಿಲ್ಲವಲ್ಲ, ಅವಳಿಗೇನು ಗೊತ್ತಾಗಬೇಕು. ಎಡಗೈಯಲ್ಲಿ ಮಾಡಿದಳು, ಕೈಯನ್ನು ಬೇಕೆಂದೇ ಅಲ್ಲಾಡಿಸಿ ಮಾಡಿದಳು. ಛೇ, ನಾಟಕ ಎನಿಸಿತು. ಜನರ ನೆನಪಿನಲ್ಲೂ ನಾಲ್ಕನೆಯದು ಒಂದೊಂದು ಥರ. ಒಬ್ಬರು ತೊಡೆಗೆ ಒತ್ತಿ ಅಂತಿತ್ತು ಎಂದರು, ಇನ್ನೊಬ್ಬರು ಎಡಗೈಯಿಂದ ಹಿಡಿದುಕೊಳ್ಳಿ ಅಂತಿತ್ತು ಎಂದರು. ಯಾವುದಾದರೊಂದನ್ನು ಆರಿಸಿ ಒಪ್ಪವಾಗಿ ಬರೆದುಬಿಡಬಹುದಿತ್ತು, ಅವಳ ಕಸುಬೇ ಅದು. ಮನಸ್ಸು ಬರಲಿಲ್ಲ.

ಮಾರನೆಯ ದಿನ ಇದ್ದಷ್ಟನ್ನು ಅವನ ಮಾತಿನಲ್ಲೇ ಸೈಟಿಗೆ ಹಾಕಿದಳು, ಮೇಲಿನ ಆ ಸಾಲುಗಳನ್ನೂ ಬಿಡದೆ. ನಾಲ್ಕನೆಯದರ ಕೆಳಗೆ ಇಷ್ಟು ಸೇರಿಸಿದಳು: "ಮುಂದಿನದು ನನ್ನ ತಮ್ಮನಿಗೆ ಗೊತ್ತಿತ್ತು. ಅವನು ತೀರಿಕೊಂಡ. ಅವನು ಬರೆದಿಟ್ಟದ್ದನ್ನು ಅಳಿಸಿದವಳು ನಾನು."

ಮಧ್ಯಾಹ್ನ ಆ ಹೆಣಿಗೆಯವಳ ಸಂದೇಶ ಬಂತು. ಅವಳ ಫೋನಿನ ಪರದೆಯೂ ನಾಲ್ಕನೆಯದಕ್ಕೇ ಮುಗಿದಿತ್ತೇನೋ, ಕೆಳಗಿನ ಸಾಲುಗಳವರೆಗೆ ಅವಳು ಇನ್ನೂ ಓದಿರಲಿಲ್ಲವೆಂದು ಕಾಣುತ್ತದೆ.

"ಪುಟ ವಾಪಸ್ ಬಂತಲ್ಲ, ಪುಣ್ಯ ಬರಲಿ ನಿಮಗೆ. ಅತ್ತೆಯನ್ನ ಕೂರಿಸಿಕೊಂಡು ಒಂದೊಂದೇ ಓದ್ತಾ ಇದೀನಿ. ಮೂರೂ ಆಯ್ತು. ನೂಲು ಹಿಡಿದುಕೊಂಡು ಕಾಯ್ತಾ ಇದಾರೆ. ಬಲಗೈಯನ್ನ ಏನು ಮಾಡಬೇಕು ಅಂತ ಕೇಳ್ತಿದಾರೆ ಅಕ್ಕ."

ಅಕ್ಕ ಫೋನು ಹಿಡಿದುಕೊಂಡು ಕೂತಳು. ಏನೋ ಬರೆದು ಅಳಿಸಿದಳು, ಮತ್ತೆ ಬರೆದು ಅಳಿಸಿದಳು. ಅತ್ತ ಆ ಮುದುಕಿ ಕಾಯುತ್ತಿದ್ದಳು. ಕೊನೆಗೆ ಬರೆದಳು:

"ಗೊತ್ತಿಲ್ಲ ಕಣಮ್ಮ. ಕೈ ಇಳಿಸೋಕೆ ಹೇಳು."